ಮೂರನೇ ಗೆಜ್ಜೆ

ನಮ್ಮೂರಿನ ಬೆಂಕಿಗೆ ನಾಚಿಕೆ ಜಾಸ್ತಿ. ಯಾರಾದರೂ ನೋಡಿದರೆ ಸಾಕು, ನಿಂತುಬಿಡುತ್ತದೆ. ಆರುವುದೂ ಇಲ್ಲ, ಮುಂದಕ್ಕೆ ಹೋಗುವುದೂ ಇಲ್ಲ. ಹೆಣ್ಣು ನೋಡಲು ಬಂದವರೆದುರು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವಳ ಹಾಗೆ ಇದ್ದಲ್ಲೇ ತಲೆ ತಗ್ಗಿಸಿಕೊಂಡಿರುತ್ತದೆ. ನೀವು ಮುಖ ತಿರುಗಿಸಿದ ಮೇಲೆಯೇ ಅದರ ಸಂಸಾರ ಶುರು. ಹಾಗಾಗಿ ನಮ್ಮೂರಲ್ಲಿ ಅಡುಗೆ ಮಾಡುವವರೆಲ್ಲ ಒಲೆಗೆ ಬೆನ್ನು ಹಾಕಿಯೇ ಮಾಡುವುದು. ಸೌಟು ಹಿಡಿದ ಕೈ ಹಿಂದೆ, ಕಣ್ಣು ಎದುರು ಗೋಡೆಯ ಮೇಲೆ. ಸಾಸಿವೆ ಸಿಡಿದದ್ದನ್ನು ಕಿವಿಯಿಂದ, ಈರುಳ್ಳಿ ಬೆಂದದ್ದನ್ನು ಮೂಗಿನಿಂದ ಗೊತ್ತು ಮಾಡಿಕೊಳ್ಳುತ್ತಾರೆ. ಮಂಗಳಾರತಿ ಹೊತ್ತಿನಲ್ಲಿ ಊರಿಗೆ ಊರೇ ಕಣ್ಣು ಮುಚ್ಚಿರುತ್ತದೆ. ಪರಊರಿನವರು ಅದನ್ನು ಭಕ್ತಿ ಅಂದುಕೊಂಡು ಮೆಚ್ಚಿ ಹೋಗುತ್ತಾರೆ, ನಾವೂ ಇಲ್ಲ ಅನ್ನುವುದಿಲ್ಲ.

ಅಗ್ನಿಶಾಮಕ ದಳ ಅಂದರೆ ನಮ್ಮಲ್ಲಿ ನೀರಿನ ಲಾರಿ ಅಲ್ಲ. ಒಂದು ಉದ್ದ ಬೆಂಚು, ಅದರ ಮೇಲೆ ಸಾಲಾಗಿ ಕೂತ ದೊಡ್ಡ ಕಣ್ಣಿನ ಗಂಡಸರು, ಹೆಂಗಸರು. ಎಲ್ಲಾದರೂ ಬೆಂಕಿ ಬಿದ್ದರೆ ಓಡಿಹೋಗಿ ನೋಡುತ್ತಾ ನಿಲ್ಲುವುದು ಅವರ ಕೆಲಸ. ಅವರು ನೋಡುತ್ತಿರುವಾಗ ಉಳಿದವರು ಸಾಮಾನು ಹೊರಗೆ ಸಾಗಿಸುತ್ತಾರೆ. ಬೇರೆ ಊರಲ್ಲಿ ಬೆಂಕಿ ಬಿದ್ದಾಗ ಕೈಕಟ್ಟಿ ನೋಡುತ್ತಾ ನಿಂತರೆ ಬೈಸಿಕೊಳ್ಳಬೇಕಂತೆ. ಇಲ್ಲಿ ಸಂಬಳ ಕೊಡುತ್ತಾರೆ. ದಳದ ಮುಖ್ಯಸ್ಥ ದುರುಗಪ್ಪ ಒಂದು ಸಲ ರೆಪ್ಪೆ ತೆರೆದರೆ ಅದು ಮತ್ತೆ ಮುಚ್ಚಿದ್ದನ್ನು ನೋಡಿದವರಿಲ್ಲ. ಅವರ ಹೆಂಡತಿಯ ಪ್ರಕಾರ ನಿದ್ದೆಯಲ್ಲೂ ಇಲ್ಲ.

ಇಷ್ಟೆಲ್ಲ ಇದ್ದೂ ಭಯ ಇಲ್ಲವೇ ಅಂದರೆ, ಇದೆ. ಯಾರೂ ನೋಡದ ಕಡೆ ಬೆಂಕಿ ತನ್ನ ಮನಸ್ಸಿಗೆ ಬಂದಂತೆ ಓಡುತ್ತದೆ, ಗೋದಾಮಿನಲ್ಲಿ, ಕತ್ತಲೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ. ದಟ್ಟ ಹೊಗೆ ಎದ್ದರಂತೂ ದುರುಗಪ್ಪನವರ ಕಣ್ಣೂ ಒಂದೇ, ನನ್ನ ಕಣ್ಣೂ ಒಂದೇ. ನಮ್ಮದು ಪುಡಿಗಳ ಊರು ಬೇರೆ. ಗಂಧದ ಪುಡಿ, ಬಣ್ಣದ ಪುಡಿ, ಸಾಬೂನು ಪುಡಿ, ಊದುಬತ್ತಿಗೆ ಹಾಕುವ ಇದ್ದಿಲ ಪುಡಿ. ಪುಡಿ ಮಾಡುವವರೂ ಉಂಟು, ಪುಡಾರಿಗಳೂ ಉಂಟು. ಎರಡನ್ನೂ ತೇವ ಇಲ್ಲದ ಕಡೆ, ಬೆಂಕಿಯಿಂದ ದೂರ ಇಡಬೇಕು. ಯಾವ ಪುಡಿಯನ್ನು ಎಷ್ಟು ದೂರ ಇಡಬೇಕು ಅಂತ ಹೇಳುವುದಕ್ಕೆ ಸಂತೆಕಟ್ಟೆಯ ಪಕ್ಕ ಪುಡಿ ಪರೀಕ್ಷಾಲಯ ಇದೆ. ಅದರ ಮುಖ್ಯಸ್ಥೆ ಅಂಬುಜಾಕ್ಷಿ ಮೇಡಂ. ನಾನು ಅಲ್ಲಿಯ ಘೋಷಕ, ಅನಂತಶಯನ, ಬಿ.ಎಸ್ಸಿ. ಮೇಡಂ ನನ್ನನ್ನು ಕರೆಯುವುದು "ರೀ ಶಯನ, ಏಳ್ರೀ" ಅಂತ. ಹೆಸರಿಟ್ಟ ನಮ್ಮಪ್ಪ ದೂರದೃಷ್ಟಿಯ ಮನುಷ್ಯ.

ನನ್ನ ಕೆಲಸ ಇಷ್ಟು. ಯಾವ ಪುಡಿ ಯಾವ ದರ್ಜೆ ಅಂತ ಮೇಡಂ ತೀರ್ಮಾನ ಮಾಡಿದ ಮೇಲೆ ಮಾಳಿಗೆ ಹತ್ತಿ, ಧ್ವನಿವರ್ಧಕದಲ್ಲಿ ಊರಿಗೆ ಸಾರುವುದು. ಬರೀ ಸಾರಿದರೆ ಯಾರು ಕೇಳುತ್ತಾರೆ. ಅದಕ್ಕೆ ನಾನು ಒಂದೊಂದು ಪುಡಿಯ ದನಿಯಲ್ಲಿ ಮಾತಾಡುತ್ತೇನೆ. ಗಂಧಕ ಉರಿಯುವಾಗ ನಿವೃತ್ತ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು. ಸಕ್ಕರೆ ಮೊದಲು ಅಳುತ್ತದೆ, ಆಮೇಲೆ ಗುಳುಗುಳು ಅನ್ನುತ್ತದೆ, ಹೊತ್ತುವ ಹೊತ್ತಿಗೆ ನಮಗೇ ಬೇಜಾರು. ಕೊನೆಗೆ ಮೇಡಂ ದನಿ. ಅವರ ಮಾತು ಯಾವಾಗಲೂ ಒಂದೇ ಕಡೆ ಮುಗಿಯುವುದು: "ಇದು ಎರಡನೇ ದರ್ಜೆ. ಅಷ್ಟೇ." ಆ 'ಅಷ್ಟೇ'ಯನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆ ಅಂದರೆ, ಒಂದು ಸಲ ಮೇಡಂ ಅವರ ತಾಯಿಯೇ ಕೆಳಗಿನಿಂದ "ಅಂಬುಜಾ, ಊಟಕ್ಕೆ ಬಾರೇ" ಅಂತ ನನ್ನನ್ನು ಕೂಗಿದ್ದರು. ಹೋಗಿ ಊಟ ಮಾಡಿಕೊಂಡು ಬಂದೆ.

ದರ್ಜೆಯ ವಿಷಯದಲ್ಲಿ ನಮ್ಮೂರು ತಲೆಕೆಳಗು. ಇಡೀ ಲೋಕದಲ್ಲಿ ಫಸ್ಟ್ ಕ್ಲಾಸ್ ಬಂದದ್ದಕ್ಕೆ ಜನ ಅಳುವುದು ನಮ್ಮಲ್ಲಿ ಮಾತ್ರ. ಒಂದನೇ ದರ್ಜೆ ಅಂದರೆ ಬೆಂಕಿ ತಾಗಿದ್ದೇ ಓಡುವ ಪುಡಿ, ನೀರಿನ ತಡೆಯನ್ನೂ ದಾಟುವ ಪುಡಿ. ಅದನ್ನು ಕಾಲುವೆಯಾಚೆಯ ಕಲ್ಲುಮನೆಯಲ್ಲಿ, ಸುತ್ತ ಕಿಟಕಿ ಇಟ್ಟು, ಹಗಲೂ ರಾತ್ರಿ ಯಾರಾದರೂ ಒಬ್ಬರು ನೋಡುತ್ತಾ ಇರುವಂತೆ ಇಡಬೇಕು. ಎರಡನೇ ದರ್ಜೆಯದು ಉರಿದರೂ ನೀರಿಗೆ ಮರ್ಯಾದೆ ಕೊಟ್ಟು ನಿಲ್ಲುತ್ತದೆ, ಊರೊಳಗೇ ಇಟ್ಟುಕೊಳ್ಳಬಹುದು.

ಆ ಮರ್ಯಾದೆಯನ್ನು ಮೇಡಂ ಅಳೆಯುತ್ತಿದ್ದ ರೀತಿ ಹೇಳಿದರೆ ನನ್ನ ಮನಸ್ಸು ಇವತ್ತಿಗೂ ಅರಳುತ್ತದೆ. ಮೊಳಕ್ಕಿಂತ ಗಿಡ್ಡದ ಒಂದು ಕಬ್ಬಿಣದ ಅಚ್ಚು. ಅದರಲ್ಲಿ ಪುಡಿ ತುಂಬಿ, ಕಲ್ಲಿನ ಮೇಲೆ ಮೂರು ಸಲ ಮೆಲ್ಲಗೆ ಕುಟ್ಟಿ, ಒಳಗೆ ಪೊಳ್ಳು ಉಳಿಯದಂತೆ ಮಾಡಿ, ತಣ್ಣಗಿನ ಕಡಪ ಕಲ್ಲಿನ ಮೇಲೆ ಮಗುಚುತ್ತಿದ್ದರು. ಅಚ್ಚು ತೆಗೆದರೆ ಹೆಬ್ಬೆರಳ ದಪ್ಪದ ರಂಗೋಲಿ ಎಳೆಯ ಹಾಗೆ ಪುಡಿಯ ಸಾಲು. ಸಾಲಿಗೆ ಅಡ್ಡವಾಗಿ ಮೂರು ಕಡೆ ನೂಲು. ಒಂದೊಂದು ನೂಲಿನ ತುದಿಗೆ ಹೊಗೆ ಹಿಡಿದು ಕಪ್ಪಾದ ಒಂದೊಂದು ಗೆಜ್ಜೆ. ಬೆಂಕಿ ಬಂದು ನೂಲು ಸುಟ್ಟಿತೋ, ಗೆಜ್ಜೆ ಕೆಳಗಿನ ತಗಡಿನ ಮೇಲೆ ಬಿತ್ತು. ಝಣ್. ನಾವು ಬೆನ್ನು ತಿರುಗಿಸಿ ನಿಂತಿದ್ದರೂ ಬೆಂಕಿ ಎಲ್ಲಿಗೆ ಬಂತು ಅಂತ ತಿಳಿಯುತ್ತದೆ. ಮೊದಲ ಗೆಜ್ಜೆಯಿಂದ ಎರಡನೆಯದಕ್ಕೆ ಎಷ್ಟು ಬೇಗ ಬಂತು ಅಂತ ಮೇಡಂ ಕೈಯಲ್ಲಿನ ಗಡಿಯಾರ ನೋಡುವರು. ಎರಡನೆಯದರ ಆಚೆ ಪುಡಿಯ ಮೇಲೆ ಒಂದು ಪಟ್ಟಿ ನೀರು ಹನಿಸಿರುತ್ತಿದ್ದರು, ಜಾರಿ ಹೋಗದಂತೆ ಅದಕ್ಕೆ ಚೂರು ಸೀಗೆಯ ರಸ. ಆ ಒದ್ದೆ ಪಟ್ಟಿಯ ಆಚೆ ಮೂರನೇ ಗೆಜ್ಜೆ. ನಾಲ್ಕು ನಿಮಿಷದೊಳಗೆ ಅದು ಬಿದ್ದರೆ ಒಂದನೇ ದರ್ಜೆ, ಬೀಳದಿದ್ದರೆ ಎರಡನೆಯದು.

ಗೆಜ್ಜೆಯ ಉಪಾಯ ಅವರದೇ. ಅದಕ್ಕೆ ಮುಂಚೆ ಪರೀಕ್ಷಕರು ಮೂಗನ್ನೇ ನಂಬಿಕೊಂಡಿದ್ದರು. ನೆಗಡಿ ಬಂದರೆ ರಜ. ಪ್ರಾಣಿಗಳ ನೋಟಕ್ಕೂ ಬೆಂಕಿ ನಾಚುತ್ತದೆಯೇ ಅಂತ ಊರಲ್ಲಿ ತಲೆಮಾರಿನಿಂದ ಜಗಳವಿತ್ತು. ಮೇಡಂ ಒಂದು ಬೆಕ್ಕು, ಒಂದು ಮೇಕೆ, ಪಕ್ಕದ ಮನೆಯವರ ಗಿಳಿ ತಂದು ಸಾಲಾಗಿ ಕೂರಿಸಿ ಪರೀಕ್ಷೆ ಮಾಡಿ, ಬೆಂಕಿ ಇವ್ಯಾವುದಕ್ಕೂ ಕ್ಯಾರೇ ಅನ್ನುವುದಿಲ್ಲ ಅಂತ ತೋರಿಸಿಬಿಟ್ಟರು. ಜಗಳ ನಿಂತಿತು. ಮೇಕೆ ಮಾತ್ರ ಒಂದು ಗೆಜ್ಜೆ ನುಂಗಿತ್ತು, ಅದಕ್ಕೆ ನಾನು ಮೂರು ದಿನ ಕಿವಿಗೊಟ್ಟು ಕಾದೆ.

ಇನ್ನು ಷಡಕ್ಷರಪ್ಪ. ಒಬ್ಬರಿಗೆ ಹೆಸರಲ್ಲೇ ಅಕ್ಷಿ, ಇನ್ನೊಬ್ಬರಿಗೆ ಆರು ಅಕ್ಷರ. ಇಬ್ಬರ ನಡುವೆ ನಾನು ನಿರಕ್ಷರಿಯ ಹಾಗೆ ನಿಂತಿದ್ದೆ. ಈ ಷಡಕ್ಷರಪ್ಪ ಒಳ್ಳೆಯ ಮನುಷ್ಯ, ಕೈ ಹಾಕಿದ ಕಸುಬು ಮಾತ್ರ ಒಂದೂ ಕೈ ಹಿಡಿದಿರಲಿಲ್ಲ. ಸಾಬೂನು ಮಾಡಿದರು, ನೊರೆ ಬರಲಿಲ್ಲ. ಊದುಬತ್ತಿ ಮಾಡಿದರು, ಸೊಳ್ಳೆಗೆ ಇಷ್ಟವಾಯಿತು. ಕೊನೆಗೆ ರಾಳ, ಹೊಟ್ಟು ಮತ್ತು ಏನೋ ಒಂದು ಗುಟ್ಟಿನ ವಸ್ತು ಸೇರಿಸಿ ಬೆಳಗುಪುಡಿ ಮಾಡಿದರು. ಹಿತ್ತಾಳೆ ತಿಕ್ಕುವ ಪುಡಿ. ಅದನ್ನು ನಮ್ಮೂರಲ್ಲಿ ಮಾಡಿದ್ದೇ ದೊಡ್ಡ ತಮಾಷೆ, ಯಾಕೆಂದರೆ ನಮ್ಮೂರಲ್ಲಿ ಪಾತ್ರೆಯ ಹೊರಮೈ ತಿಕ್ಕುವ ಪದ್ಧತಿಯೇ ಇಲ್ಲ. ಒಳಗೆ ತೊಳೆಯುತ್ತಾರೆ, ಹೊರಗೆ ಮಸಿ ಹಾಗೇ ಬಿಡುತ್ತಾರೆ. ಕನ್ನಡಿ ಮಲಗುವ ಕೋಣೆಯಲ್ಲಿ ಮಾತ್ರ, ಅದಕ್ಕೂ ಬಟ್ಟೆಯ ಮುಸುಕು. ಯಾಕೆ ಅಂತ ಕೇಳಿದರೆ ಹಿರಿಯರು "ಒಳ್ಳೇದಾಗಲ್ಲ ಕಣೋ" ಅನ್ನುತ್ತಾರೆ. ಅವರಿಗೂ ಅಷ್ಟೇ ಗೊತ್ತು.

"ಇಲ್ಲಿಯವರಿಗೆ ಯಾರು ಮಾರ್ತಾರೆ ಶಯನಣ್ಣ," ಅಂದರು ಷಡಕ್ಷರಪ್ಪ, ಮಾದರಿ ಚೀಲ ಹೊತ್ತು ಬಂದ ದಿನ. "ಹೊರಊರಿಂದ ಈಗಾಗಲೇ ಕೇಳ್ತಿದ್ದಾರೆ. ಎರಡನೇ ದರ್ಜೆ ಒಂದು ಬಂದುಬಿಡ್ಲಿ. ಅಕ್ಕನ ಹೊಲಿಗೆ ಮನೆ ಕೆಳಗಿನ ಗೋದಾಮು ಬಿಡಿಸಿ ಇಟ್ಟಿದೀನಿ."

"ಒಂದನೇದು ಬಂದ್ರೆ?" ಅಂದೆ.

"ಕಲ್ಲುಮನೆ ಗೋಡೆ ಮುಟ್ಟಿ ನೋಡಿದೀಯಾ? ನೀರು ಒಸರ್ತದೆ. ಒಂದು ವಾರ ಇಟ್ರೆ ಪುಡಿ ಎಲ್ಲ ರೊಟ್ಟಿ ಆಗ್ತದೆ. ಆಮೇಲೆ ನಾನು ಊರು ಬಿಡೋದೇ. ಇನ್ನೊಂದು ಸಲ ಅಕ್ಕನ ಮುಖ ನೋಡಿ 'ಇದೂ ಹೋಯ್ತು' ಅಂತ ಹೇಳೋಕೆ ನನ್ನಿಂದ ಆಗಲ್ಲ."

ಅಕ್ಕ ಅಂದರೆ ಬಸಲಿಂಗಮ್ಮ. ತಾಯಿಯಿಲ್ಲದ ತಮ್ಮನನ್ನು ಸಾಕಿದವರು, ಮದುವೆ ಮಾಡಿಸಿದವರು, ಸೊಳ್ಳೆಯ ಊದುಬತ್ತಿಯನ್ನು ಮನೆಯಲ್ಲಿ ವರ್ಷಗಟ್ಟಲೆ ಹಚ್ಚಿದವರು. ಅವರ ಹೊಲಿಗೆ ಮನೆಯಲ್ಲಿ ಬೀದಿಯ ಅರ್ಧದಷ್ಟು ಹೆಂಗಸರು ಕೂತು ಹೊಲಿಯುತ್ತಾರೆ. ಹಲಗೆಯ ನೆಲ, ಕೆಂಡದ ಇಸ್ತ್ರಿಪೆಟ್ಟಿಗೆಗಳು. ಪೆಟ್ಟಿಗೆಯ ಮುಚ್ಚಳದೊಳಗೆ ಕೆಂಡವನ್ನು ಯಾರೂ ನೋಡುವುದಿಲ್ಲವಾದ್ದರಿಂದ ಅದು ಸುಖವಾಗಿ ಉರಿಯುತ್ತಿರುತ್ತದೆ. ಆಗಾಗ ಒಂದು ಕಿಡಿ ಹಲಗೆಯ ಸಂದಿಯಲ್ಲಿ ಕೆಳಕ್ಕೆ ಬೀಳುವುದೂ ಉಂಟು.

ಷಡಕ್ಷರಪ್ಪ ಮಾದರಿ ಚೀಲದ ಜೊತೆ ಒಂದು ಕಾಣಿಕೆಯನ್ನೂ ತಂದಿದ್ದರು. ದೊಡ್ಡ ಹಿತ್ತಾಳೆ ತಟ್ಟೆ, ತಮ್ಮ ಪುಡಿಯಿಂದಲೇ ತಿಕ್ಕಿದ್ದು. ಅಂಥ ಹೊಳಪು ನಾನು ಕಂಡಿರಲಿಲ್ಲ. "ಲಂಚ ಅಲ್ಲ ತಾಯಿ," ಅಂದರು ಮೇಡಂಗೆ. "ಪುಡಿ ಏನು ಮಾಡ್ತದೆ ಅಂತ ನಿಮಗೂ ಗೊತ್ತಿರ್ಲಿ ಅಂತ."

"ಪುಡಿ ಏನು ಮಾಡ್ತದೆ ಅಂತ ನಾನು ನೋಡ್ಕೊತೀನಿ," ಅಂದರು ಮೇಡಂ. ಆದರೂ ಮುಖ ಮುರಿಯಬಾರದು ಅಂತ, ನಾನು ಅದನ್ನು ಪರೀಕ್ಷಾ ಕೋಣೆಯ ಗೋಡೆಗೆ, ಗಡಿಯಾರದ ಕೆಳಗಿದ್ದ ಮೊಳೆಗೆ ನೇತುಹಾಕಿದಾಗ ಸುಮ್ಮನಿದ್ದರು.

ಮಾರನೆಯ ದಿನ ಪರೀಕ್ಷೆ. ಪುಡಿಯ ಯಜಮಾನರು ಹಾಜರಿರಬೇಕೆಂಬುದು ನಿಯಮ. ಮೇಡಂ ಸಾಲು ಹಾಕಿದರು, ನೂಲು ಕಟ್ಟಿದರು, ಒದ್ದೆ ಪಟ್ಟಿ ಹನಿಸಿದರು, ತುದಿಗೆ ಜ್ವಾಲೆ ಹಿಡಿದು "ತಿರುಗಿ" ಅಂದರು. ಮೂವರೂ ಗೋಡೆಗೆ ಮುಖ ಮಾಡಿ ನಿಂತೆವು. ಮೊದಲ ಗೆಜ್ಜೆ ಬಿತ್ತು. ನಾನು ಒಂದು ಸಲ ಆಕಳಿಸುವಷ್ಟರಲ್ಲಿ ಎರಡನೆಯದೂ ಬಿತ್ತು. ಪುಡಿ ಓಡುವ ಜಾತಿಯದು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಮೇಡಂ ಕೈಗಡಿಯಾರ ಕೆಳಗಿಳಿಸಿ ಗೋಡೆಯ ಗಡಿಯಾರದತ್ತ ಕತ್ತೆತ್ತಿದರು. ನಾವೂ ಎತ್ತಿದೆವು. ಇನ್ನು ನಾಲ್ಕು ನಿಮಿಷ.

ಷಡಕ್ಷರಪ್ಪನವರ ಉಸಿರು ನನಗೆ ಕೇಳುತ್ತಿತ್ತು. ಮುಳ್ಳು ತೆವಳಿತು. ಗಡಿಯಾರದ ಕೆಳಗೆ ತಟ್ಟೆಯ ಅಂಚಿನಲ್ಲಿ ಕುಂಕುಮದ ಬೊಟ್ಟಿನಂಥದ್ದೊಂದು ಕೆಂಪಗೆ ಕಾಣುತ್ತಿತ್ತು. ಪೂಜೆ ಮಾಡಿಸಿಯೇ ತಂದಿದ್ದಾರೆ ಪುಣ್ಯಾತ್ಮ ಅಂದುಕೊಂಡೆ. ನಾಲ್ಕು ನಿಮಿಷ ಆಯಿತು. ಮೇಡಂ ತಮ್ಮ ಲೆಕ್ಕಕ್ಕೆ ಇನ್ನೂ ಎರಡು ನಿಮಿಷ ಕಾದರು. ಮೂರನೇ ಗೆಜ್ಜೆ ಬೀಳಲಿಲ್ಲ.

"ಎರಡನೇ ದರ್ಜೆ. ಅಷ್ಟೇ," ಅಂದರು.

ಷಡಕ್ಷರಪ್ಪ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು. ನಾನು ಮಾಳಿಗೆಗೆ ಓಡಿ, ಬೆಳಗುಪುಡಿಗೆ ಒಂದು ಹೊಸ ದನಿ ಕೊಟ್ಟು, ಸಂತೆಯನ್ನು ನಗಿಸಿ, ಮೇಡಂ ದನಿಯಲ್ಲಿ ತೀರ್ಪು ಸಾರಿದೆ. ಸಂಜೆ ಬಸಲಿಂಗಮ್ಮನವರ ಮನೆಯಿಂದ ಊರಿಗೆಲ್ಲ ಹೋಳಿಗೆ. ಮರುದಿನ ಬೆಳಿಗ್ಗೆ ಗಾಡಿಗಳು ಹೊಲಿಗೆ ಮನೆಯ ಮುಂದೆ ನಿಂತು ಮೂಟೆ ಇಳಿಸತೊಡಗಿದವು.

ಅದೇ ಬೆಳಿಗ್ಗೆ ಪರೀಕ್ಷಾ ಕೋಣೆಯಲ್ಲಿ ನಾನು ಕಾಫಿಗೆ ಹಾಲಿಟ್ಟಿದ್ದೆ. ಕಡಪ ಕಲ್ಲಿನ ಬಲತುದಿಯಲ್ಲಿ ಸ್ಪಿರಿಟ್ ಒಲೆ, ನಾನು ಪದ್ಧತಿಯಂತೆ ಬೆನ್ನು ಹಾಕಿ ನಿಂತಿದ್ದೆ. ಎದುರಿಗೆ ತಟ್ಟೆ. ಅದರೊಳಗೆ ನನ್ನ ಮುಖ. ನಾನು ಯಾರ್ಯಾರನ್ನು ಅನುಕರಿಸುತ್ತೇನೋ ಅವರೆಲ್ಲರ ಮುಖ ಮಾಡಿ ಮಾಡಿ ನೋಡಿಕೊಂಡೆ. ಹೆಡ್‌ಮಾಸ್ಟರು ಚೆನ್ನಾಗಿ ಬಂದರು, ದುರುಗಪ್ಪ ಕಣ್ಣುರಿಯಿಂದ ಅರ್ಧಕ್ಕೆ ನಿಂತರು. ಹಾಲು ಮಾತ್ರ ಉಕ್ಕಲಿಲ್ಲ.

"ಕಾಫಿ ಎಲ್ರೀ?" ಅಂದರು ಮೇಡಂ ಒಳಗೆ ಬಂದು.

"ಹಾಲಲ್ಲ ಮೇಡಂ ಇದು, ನೀರು. ಹಾಲಿನವನಿಗೆ ಈ ಸಲ ನಾನೇ ಹೇಳ್ತೀನಿ. ಆವಾಗಿಂದ ಇಟ್ಟಿದೀನಿ, ಕೆನೆಯೂ ಕಟ್ಟಿಲ್ಲ."

"ನೀವು ತಿರುಗಿ ನೋಡಿದ್ರಾ?"

"ಆಣೆಗೂ ಇಲ್ಲ. ತಟ್ಟೆ ನೋಡ್ತಾ ನಿಂತಿದೀನಿ."

ಮೇಡಂ ನನ್ನ ಪಕ್ಕ ಬಂದು ನಿಂತು ತಟ್ಟೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಕುಂಕುಮ ಹಚ್ಚಿದ್ದು ಯಾರು?"

"ಅವರೇ ಇರಬೇಕು. ನಿನ್ನೆಯೂ ಇತ್ತು. ನಿನ್ನೆ ಸ್ವಲ್ಪ ಅಂಚಿಗಿತ್ತು."

ಮೇಡಂ ಕೈ ಚಾಚಿ ಆ ಕೆಂಪು ಬೊಟ್ಟನ್ನು ಬೆರಳಿಂದ ಒರೆಸಿದರು. ಬೆರಳು ಕೆಂಪಾಗಲಿಲ್ಲ. ಇನ್ನೊಂದು ಸಲ ಒರೆಸಿದರು. ಬೊಟ್ಟು ಅವರ ಬೆರಳ ಕೆಳಗೆ ಮರೆಯಾಗಿ, ಬೆರಳು ಸರಿಸಿದ್ದೇ ಮತ್ತೆ ಅಲ್ಲೇ ಕೂತಿತ್ತು. ಆಮೇಲೆ ಮೇಡಂ ತಟ್ಟೆಯ ಎರಡು ಅಂಚು ಹಿಡಿದು, ಮೆಲ್ಲಗೆ, ಮಲಗಿದ ಮಗುವನ್ನು ಮಗ್ಗುಲು ಬದಲಿಸಿದ ಹಾಗೆ, ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. ನಮ್ಮ ಬೆನ್ನ ಹಿಂದೆ ಹಾಲು ಭುಸ್ಸೆಂದು ಉಕ್ಕಿ ಕಲ್ಲಿನ ಮೇಲೆಲ್ಲ ಹರಿಯಿತು.

ನನಗೆ ಆಗಲೂ ಪೂರ್ತಿ ಹೊಳೆದಿರಲಿಲ್ಲ. ಮೇಡಂ ಗೋಡೆ ನೋಡುತ್ತಲೇ ಹೇಳಿದರು. "ನಿನ್ನೆ ಮೂವರೂ ಗಡಿಯಾರ ನೋಡ್ತಿದ್ವಿ. ತಟ್ಟೆ ಅದರ ಕೆಳಗೇ ಇತ್ತು. ಒದ್ದೆ ಪಟ್ಟಿಯ ತುದಿ ಅದರೊಳಗೆ ಕಾಣ್ತಿತ್ತು. ಬೆಂಕಿಯನ್ನ ನಿಲ್ಲಿಸಿದ್ದು ನೀರಲ್ಲ ಶಯನ, ನಾವು. ಕಣ್ಣಿಗೆ ಬಿದ್ರೆ ಸಾಕು ಅದಕ್ಕೆ, ಮನಸ್ಸಿಗೆ ಬೀಳಬೇಕಂತ ಇಲ್ಲ." ತಟ್ಟೆಯ ಬೆನ್ನು ಸವರಿ ಅಂದರು, "ನಮ್ಮಜ್ಜಿ ಪಾತ್ರೆ ಹೊರಗೆ ಯಾಕೆ ತಿಕ್ಕಲ್ಲ ಅಂತ ನಾನು ಚಿಕ್ಕಂದಿನಲ್ಲಿ ಕೇಳಿ ಕೇಳಿ ಬೈಸ್ಕೊಂಡಿದೀನಿ."

ಉಳಿದ ಮಾದರಿ ತೆಗೆದು, ಹಾಲು ಒರೆಸಿ, ಮತ್ತೆ ಸಾಲು ಹಾಕಿದರು. ಕುಟ್ಟುವುದು ಮೂರೇ ಸಲ, ಹನಿಸುವುದು ಅಷ್ಟೇ ಹನಿ. ತಿರುಗಿ ನಿಂತೆವು. ಝಣ್. ಝಣ್. ಆಮೇಲೆ ಒದ್ದೆ ಪಟ್ಟಿಯಲ್ಲಿ ಬೆಂಕಿ ಸಣ್ಣಗೆ ಗೊಣಗಿದ್ದು ಕೇಳಿಸಿತು, ಬಸ್ಸಿನಲ್ಲಿ ಸೀಟಿಗೆ ಟವೆಲು ಹಾಕಿಟ್ಟಿದ್ದನ್ನು ಕಂಡವರು ಗೊಣಗಿದಂತೆ. ಗೊಣಗಿ, ಟವೆಲು ಸರಿಸಿ, ಕೂತೇಬಿಟ್ಟಿತು. ಎರಡು ನಿಮಿಷವೂ ಆಗಿರಲಿಲ್ಲ. ಝಣ್.

ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರೋ. ಗಾಡಿಗಳು ಮೂಟೆ ಇಳಿಸುತ್ತಿದ್ದವು, ಹೋಳಿಗೆ ಊರಿನ ಹೊಟ್ಟೆಯಲ್ಲಿತ್ತು, ಒಮ್ಮೆ ಸಾರಿದ ದರ್ಜೆಯನ್ನು ಪರೀಕ್ಷಾಲಯ ಯಾವತ್ತೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅಂಬುಜಾಕ್ಷಿ ಮೇಡಂ ಕೈ ತೊಳೆದುಕೊಂಡು ಮಾಳಿಗೆ ಹತ್ತಿದರು. "ಇದನ್ನ ನೀವು ಹೇಳೋದು ಬೇಡ, ನಾನೇ ಹೇಳ್ತೀನಿ," ಅಂದು ಧ್ವನಿವರ್ಧಕ ಹಿಡಿದರು.

"ಬೆಳಗುಪುಡಿಯ ಬಗ್ಗೆ ನಿನ್ನೆ ನಾನು ಕೊಟ್ಟ ತೀರ್ಪು ತಪ್ಪು. ಅದು ಒಂದನೇ ದರ್ಜೆ. ಹೊಲಿಗೆ ಮನೆಯಲ್ಲಿ ಇರುವವರು ಇಸ್ತ್ರಿಪೆಟ್ಟಿಗೆ ಆರಿಸಿ ಕೆಳಗಿಳಿದು ಬನ್ನಿ. ಅಷ್ಟೇ."

ಇಡೀ ಸಂತೆ ಗೊಳ್ಳೆಂದು ನಕ್ಕಿತು. ತರಕಾರಿಯವರು ತಕ್ಕಡಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ಶಯನಣ್ಣ, ಇವತ್ತು ಮೇಡಂನೂ ಮೀರಿಸಿಬಿಟ್ಟೆ," ಅಂತ ಯಾರೋ ಕೂಗಿದರು. ಮೇಡಂ ಎರಡನೇ ಸಲ ಹೇಳಿದರು, ನಗು ಇನ್ನೂ ಜೋರಾಯಿತು. ಮೂರನೇ ಸಲ 'ಅಷ್ಟೇ' ಅನ್ನುವುದನ್ನು ಸಂತೆಯೇ ಅವರ ಜೊತೆ ಸೇರಿ ಹೇಳಿತು. ನಾನು ಪಕ್ಕದಲ್ಲಿ ನಿಂತು ಬೆವರುತ್ತಿದ್ದೆ. ನಾನು ಮಾತಾಡಿ ಸರಿಮಾಡೋಣವೆಂದರೆ, ನನ್ನ ಸ್ವಂತ ದನಿ ಹೇಗಿರುತ್ತದೆ ಅಂತ ಊರಲ್ಲಿ ಯಾರಿಗೆ ಗೊತ್ತು. ನನಗೇ ಸರಿಯಾಗಿ ನೆನಪಿರಲಿಲ್ಲ.

"ಕಲ್ಲು ಎತ್ರೀ," ಅಂದರು ಮೇಡಂ.

ಕಡಪ ಕಲ್ಲನ್ನು ನಾನೂ ಇನ್ನಿಬ್ಬರು ಹಮಾಲರೂ ಸೇರಿ ಹೊತ್ತು ಸಂತೆಕಟ್ಟೆಯ ಮೇಲೆ, ಗಾಳಿಯ ಮರೆಗೆ ಇಟ್ಟೆವು. ಮೇಡಂ ಅಚ್ಚು, ನೂಲು, ಗೆಜ್ಜೆ ಹಿಡಿದು ಹಿಂದೆಯೇ ಬಂದರು. ಅವರನ್ನು ಕಂಡ ಮೇಲೆ ನಗು ನಿಂತಿತು. ಷಡಕ್ಷರಪ್ಪ ಗಾಡಿಯಿಂದ ಹಾರಿ ಓಡಿಬಂದರು, ಮೈಯೆಲ್ಲ ಪುಡಿ.

"ನಿನ್ನೆ ನೀವೇ ಎರಡು ಅಂದ್ರಿ ತಾಯಿ. ಇವತ್ತು ಒಂದು ಅಂತೀರಿ. ನಾಳೆ ಸೊನ್ನೆ ಅಂತೀರೇನೋ. ನಾನು ಯಾವುದನ್ನ ನಂಬ್ಲಿ?"

"ನನ್ನನ್ನ ನಂಬೋದು ಬೇಡ. ನಿನ್ನೆ ಕೋಣೆ ಒಳಗೆ ಮಾಡಿದ್ದೆ, ಇವತ್ತು ಎಲ್ಲರ ಮುಂದೆ ಮಾಡ್ತೀನಿ." ಒಂದು ಕ್ಷಣ ಯೋಚಿಸಿ ತಿದ್ದಿಕೊಂಡರು, "ಎಲ್ಲರ ಹಿಂದೆ ಮಾಡ್ತೀನಿ." ತಟ್ಟೆಯ ಕಥೆಯನ್ನೂ ಹೇಳಿದರು, ಒಂದು ಮಾತೂ ಮುಚ್ಚಿಡದೆ, ತಾವು ಎಲ್ಲಿ ನಿಂತಿದ್ದರು, ಏನು ನೋಡಿದರು, ಹೇಗೆ ಮೋಸಹೋದರು ಅಂತ. ಪುಡಿಯನ್ನು ಷಡಕ್ಷರಪ್ಪನವರ ಗಾಡಿಯ ಮೂಟೆಯಿಂದಲೇ, ಅವರ ಕೈಯಿಂದಲೇ ತೆಗೆಸಿದರು. ಅಷ್ಟರಲ್ಲಿ ಹೊಲಿಗೆ ಮನೆಯಿಂದ ಬಸಲಿಂಗಮ್ಮನವರೂ ಹೆಂಗಸರೂ ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದರು, ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು.

ಮೇಡಂ ಬೆಂಕಿ ಹಚ್ಚಿದರು. "ತಿರುಗಿ."

ಸಂತೆಗೆ ಸಂತೆಯೇ ತಿರುಗಿತು. ಸೌತೆಕಾಯಿಯವರು, ಬಳೆಯವರು, ಮಕ್ಕಳನ್ನು ಎತ್ತಿಕೊಂಡವರು, ದುರುಗಪ್ಪನವರ ಬೆಂಚಿನವರು, ಎಲ್ಲರೂ ಕಟ್ಟೆಗೆ ಬೆನ್ನು ಹಾಕಿ, ಉಸಿರು ಬಿಗಿಹಿಡಿದು ಕಿವಿಯಾಗಿ ನಿಂತರು. ಅಷ್ಟು ಜನ ಅಷ್ಟು ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮೊದಲ ಗೆಜ್ಜೆ. ಎರಡನೇ ಗೆಜ್ಜೆ. ಮೇಡಂ ಕೈಗಡಿಯಾರ ಹಿಡಿದು ನನ್ನ ಪಕ್ಕದಲ್ಲೇ ಇದ್ದರು.

ಒಂದು ನಿಮಿಷ. ಎರಡು. ಮೂರನೇ ಗೆಜ್ಜೆ ಬೀಳಲಿಲ್ಲ. ಮೂರು ನಿಮಿಷ. ಬೆಂಕಿಯ ಗೊಣಗಾಟವೂ ಇಲ್ಲ. ಜನ ಕಾಲು ಬದಲಿಸತೊಡಗಿದರು. ನಾನು ಓರೆಗಣ್ಣಿನಿಂದ ಮೇಡಂ ಮುಖ ನೋಡಿದೆ. ಅಲ್ಲಿ ಗಾಬರಿ ಇರಲಿಲ್ಲ. ಕೈಗಡಿಯಾರದ ಗುಂಡಿ ಒತ್ತಿ ಅದನ್ನು ನಿಲ್ಲಿಸಿದರು.

"ಯಾರೋ ನೋಡ್ತಿದ್ದೀರಿ," ಅಂದರು, ತಿರುಗದೆ. "ಪರವಾಗಿಲ್ಲ. ನೋಡಿ ಮುಗಿದ ಮೇಲೆ ಹೇಳಿ. ಅಲ್ಲಿಂದ ಲೆಕ್ಕ ಮುಂದುವರಿಸ್ತೀನಿ."

ಯಾರೆಂದು ಎಲ್ಲರಿಗೂ ಗೊತ್ತಾಯಿತು. ಆದರೆ ಹಿಡಿಯುವುದು ಹೇಗೆ? ಹಿಡಿಯಬೇಕೆಂದರೆ ತಿರುಗಬೇಕು, ತಿರುಗಿದರೆ ನಾವೂ ನೋಡಿದಂತೆ. ಸಾವಿರ ಬೆನ್ನುಗಳ ನಡುವೆ ಒಬ್ಬ ಮನುಷ್ಯ ಕಣ್ಣು ಬಿಟ್ಟುಕೊಂಡು ತನ್ನ ಪುಡಿಯನ್ನು ಕಾಯುತ್ತಾ ನಿಂತಿದ್ದ, ಅವನನ್ನು ಮುಟ್ಟುವವರು ಯಾರೂ ಇರಲಿಲ್ಲ. ಬಿಸಿಲು ಏರುತ್ತಿತ್ತು. ಎಲ್ಲೋ ಒಂದು ಮಗು ಬಿಕ್ಕಳಿಸಿತು.

ಆಗ ಬಸಲಿಂಗಮ್ಮ ಮಾತಾಡಿದರು, ಅವರೂ ತಿರುಗದೆಯೇ, ಪಡಸಾಲೆಯಲ್ಲಿ ಕೂತು ಒಳಮನೆಯವರ ಜೊತೆ ಮಾತಾಡಿದ ಹಾಗೆ.

"ಷಡೂ, ಕಣ್ಣು ಉರೀತಿದೆಯೇನೋ?"

ಬಸಲಿಂಗಮ್ಮನವರೇ ಮುಂದುವರಿಸಿದರು.

"ಉರಿಯದೆ ಏನು. ಪುಡಿ ಬೇರೆ ಮೆತ್ಕೊಂಡಿದೀಯ. ನೋಡು, ನನಗೇನೂ ಬೇಜಾರಿಲ್ಲ. ನೀನು ಹೀಗೇ ನೋಡ್ತಾ ಇದ್ರೆ ನಮಗೂ ಧೈರ್ಯ. ನಾಳೆ ನಾವು ಮೇಲೆ ಹೊಲೀತಾ ಕೂತಿರ್ತೀವಲ್ಲ, ಆಗ್ಲೂ ಕೆಳಗೆ ಬಂದು ಕೂತ್ಕೊ. ಮೂಟೆ ಮೂಟೆಯನ್ನೂ ನೋಡ್ತಾ ಇರು. ಊಟಕ್ಕೆ ಎದ್ದು ಹೋಗ್ಬೇಡ, ನಾನೇ ತಂದು ತಿನ್ನಿಸ್ತೀನಿ, ಚಿಕ್ಕವನಿದ್ದಾಗ ತಿನ್ನಿಸ್ತಿರಲಿಲ್ವಾ ಹಾಗೆ. ನಿದ್ದೆ ಒಂದು ಮಾಡ್ಬೇಡಪ್ಪ."

ಒಬ್ಬರೂ ನಗಲಿಲ್ಲ.

"ಇದೂ ಹೋಯ್ತು ಅಂತ ನೀನು ಹೇಳ್ಬೇಕಾಗಿಲ್ಲ," ಅಂದರು ಬಸಲಿಂಗಮ್ಮ, ಈಗ ಮೆಲ್ಲಗೆ. "ನಾನು ಕೇಳಿಸ್ಕೊತೀನಿ. ನೀನು ಸುಮ್ನೆ ಈ ಕಡೆ ತಿರುಗು."

ಎಷ್ಟು ಹೊತ್ತೋ ಗೊತ್ತಿಲ್ಲ, ಗಡಿಯಾರ ನಿಂತಿತ್ತು. ಆಮೇಲೆ ಜಲ್ಲಿಯ ಮೇಲೆ ಒಂದು ಜೊತೆ ಚಪ್ಪಲಿ ಕರಕರ ಎಂದು ತಿರುಗಿದ ಸದ್ದು ಕೇಳಿತು. ಮೊದಲು ಒಂದು ಕಾಲು. ಸ್ವಲ್ಪ ಬಿಟ್ಟು ಇನ್ನೊಂದು. ಮೇಡಂ ಗುಂಡಿ ಒತ್ತಿದರು. ಬೆಂಕಿ ಗೊಣಗಿತು, ಪಟ್ಟಿ ದಾಟಿತು.

ಝಣ್.

ಇಡೀ ಸಂತೆಗೆ ಕೇಳಿಸಿತು. ನಾವೆಲ್ಲ ತಿರುಗಿದಾಗ ಷಡಕ್ಷರಪ್ಪ ಕಟ್ಟೆಗೆ ಬೆನ್ನು ಹಾಕಿ, ಅಕ್ಕನ ಕಡೆ ಮುಖ ಮಾಡಿ ನಿಂತಿದ್ದರು. ಕಣ್ಣು ಕೆಂಡದ ಹಾಗಿತ್ತು, ನೀರು ಪುಡಿ ಮೆತ್ತಿದ ಕೆನ್ನೆಯ ಮೇಲೆ ಎರಡು ಒದ್ದೆ ಪಟ್ಟಿ ಎಳೆದಿತ್ತು. ಬಸಲಿಂಗಮ್ಮ ಸೆರಗಿನ ತುದಿಯಿಂದ ಒರೆಸಿದರು, ಸ್ವಲ್ಪ ಒರಟಾಗಿಯೇ. ಮೇಡಂ ಹತ್ತಿರ ಹೋಗಿ, "ತಪ್ಪು ನನ್ನದು. ನಿನ್ನೆಯೇ ಸರಿಯಾಗಿ ಹೇಳಿದ್ದರೆ ನಿಮಗೆ ಮೂಟೆ ಇಳಿಸೋ ಕೆಲಸ ತಪ್ತಿತ್ತು," ಅಂದರು. "ಕಲ್ಲುಮನೆ ಒಸರೋದು ನೀವು ಶಯನಗೆ ಹೇಳಿದ ಮೇಲೆ ನನಗೂ ಗೊತ್ತಾಗಿದ್ದು. ಗೋಡೆ ಒಳಗಿನಿಂದ ಇದ್ದಿಲು ಕಟ್ಟಿದ್ರೆ ತೇವ ಹೀರ್ತದೆ. ಅದನ್ನ ಇಬ್ರೂ ಸೇರಿ ಪರೀಕ್ಷೆ ಮಾಡೋಣ."

"ಇದ್ದಿಲು ಎಷ್ಟನೇ ದರ್ಜೆ ತಾಯಿ?" ಅಂದರು ಷಡಕ್ಷರಪ್ಪ, ಮೂಗು ಏರಿಸಿಕೊಳ್ಳುತ್ತಾ.

"ಹೌದಲ್ಲ," ಅಂದರು ಮೇಡಂ. "ಸುಣ್ಣ ಕಟ್ಟೋಣ." ಅವರು ನಕ್ಕಿದ್ದನ್ನು ನಾನು ಕಂಡದ್ದು ಆವತ್ತೇ ಮೊದಲು.

ದುರುಗಪ್ಪ ಮಾತ್ರ ಆವಾಗಿನಿಂದ ಷಡಕ್ಷರಪ್ಪನವರನ್ನೇ ನೋಡುತ್ತಿದ್ದರು, ರೆಪ್ಪೆ ಬಡಿಯದೆ. "ಅಷ್ಟು ಹೊತ್ತು, ಅದೂ ಪುಡಿ ಬಿದ್ದ ಕಣ್ಣಲ್ಲಿ," ಅಂತ ತಮ್ಮ ಬೆಂಚಿನವರಿಗೆ ಹೇಳಿದರು. "ನಮ್ಮವರಲ್ಲಿ ಯಾರಿಗೂ ಆಗ್ತಿರಲಿಲ್ಲ. ಕಲ್ಲುಮನೆಗೆ ಕಾವಲು ಬೇರೆ ಯಾಕೆ ಹುಡುಕ್ತೀರಿ? ಅವರ ಪುಡಿ ಅವರೇ ನೋಡ್ಲಿ, ಸಂಬಳ ನಾವು ಕೊಡ್ತೀವಿ."

ಮೇಡಂ ನನ್ನ ಕಡೆ ತಿರುಗಿ, "ಹೋಗಿ ಹೇಳ್ರೀ ಶಯನ," ಅಂದರು.

ಮಾಳಿಗೆ ಹತ್ತಿದೆ. ಬೆಳಗುಪುಡಿಗೆ ನಾನೇ ಕೊಟ್ಟ ದನಿ ಇತ್ತು, ಬಾಯಿಗೆ ಬರಲಿಲ್ಲ. ಮೇಡಂ ದನಿ ಇತ್ತು, ಅದನ್ನು ತೆಗೆದುಕೊಳ್ಳಲು ಕೈ ಹೋಗಲಿಲ್ಲ. ಎಲ್ಲೋ ಅಡಿಯಲ್ಲಿ ಬಿದ್ದಿದ್ದ ನನ್ನದನ್ನೇ ಹುಡುಕಿ ತೆಗೆದೆ; ಸ್ವಲ್ಪ ಕೀರಲು, ಸ್ವಲ್ಪ ಧೂಳು. "ಬೆಳಗುಪುಡಿ," ಅಂದೆ, "ಒಂದನೇ ದರ್ಜೆ." ಕೆಳಗೆ ಯಾರೂ ನಗಲಿಲ್ಲ. ಮುಂದೆ ಏನು ಹೇಳಬೇಕೆಂದು ತಿಳಿಯದೆ ಧ್ವನಿವರ್ಧಕ ಹಿಡಿದು ಹಾಗೇ ನಿಂತೆ.

ಹೊಲಿಗೆ ಮನೆಯ ಬಾಗಿಲಲ್ಲಿ ಷಡಕ್ಷರಪ್ಪ ಮೊದಲ ಮೂಟೆಯನ್ನು ಹೆಗಲಿಗೇರಿಸಿ ಮತ್ತೆ ಗಾಡಿಯ ಕಡೆ ತಿರುಗಿದ್ದರು. ಕತ್ತೆತ್ತಿ ನನ್ನನ್ನು ನೋಡಿ, ಅಲ್ಲಿಂದಲೇ ಹೇಳಿದರು.

"ಅಷ್ಟೇ."